ದುಂಡಪ್ಪನ ಚೀಟಿ

ಕಾಶವ್ವ ಮುಖ ಮರೆಯುವ ಹೆಂಗಸಲ್ಲ. ಹುಬ್ಬಳ್ಳಿಯ ಸ್ಟೇಶನ್ ರಸ್ತೆಯಲ್ಲಿ ಮೂವತ್ತೆರಡು ವರ್ಷ ಖಾನಾವಳಿ ನಡೆಸಿದವಳು. ಎಂದೋ ಒಮ್ಮೆ ಉಂಡು ಹೋದವನು ಆರು ವರ್ಷ ಬಿಟ್ಟು ಬಾಗಿಲಲ್ಲಿ ಕಂಡರೂ, ‘ನೀ ಬದನಿಕಾಯಿ ತಿನ್ನಾಂವಲ್ಲ’ ಎಂದು ಅವನ ತಾಟಿಗೆ ಮಡಿಕೆಕಾಳಿನ ಪಲ್ಯ ಬಡಿಸುತ್ತಿದ್ದಳು. ಅಂಥವಳು ಅರವತ್ತೆಂಟರ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ಊಟಕ್ಕೆ ಮನೆಗೆ ಬಂದ ಸ್ವಂತ ಮಗಳನ್ನು ಹೊಸ್ತಿಲಲ್ಲೇ ತಡೆದು, ಖಾನಾವಳಿ ಬಂದ್ ಆಗಿದೆ, ಮುಂದಿನ ಓಣಿಯಲ್ಲಿ ಕೇಳಿನೋಡು ಎಂದಳು. ಮಗಳು ನೀಲಗಂಗಾ ಚೇಷ್ಟೆ ಎಂದುಕೊಂಡು ನಕ್ಕಳು. ತಾಯಿ ನಗಲಿಲ್ಲ.

ಮರುದಿನಕ್ಕೆ ಎಲ್ಲ ಸರಿಯಾಗಿಯೇ ನೆನಪಿತ್ತು. ಆದರೆ ವೈದ್ಯರು ಸುತ್ತಿ ಬಳಸಿ ಮಾತಾಡಲಿಲ್ಲ. ಇದು ಶುರು, ಇನ್ನೊಂದೆರಡು ವರ್ಷದಲ್ಲಿ ಮನೆಯವರ ಮುಖಗಳು ಒಂದೊಂದಾಗಿ ಹೋಗುತ್ತವೆ, ಹೋದದ್ದು ಬರುವುದಿಲ್ಲ ಎಂದರು. ನೀಲಾಳಿಗೆ ತಂದೆ ಇಲ್ಲ, ಬದುಕಿರುವ ಒಡಹುಟ್ಟಿದವರಿಲ್ಲ, ಮದುವೆಯ ಗೋಜಿಗೆ ಹೋದವಳಲ್ಲ. ಇವಳು ನನ್ನವಳು ಎನ್ನುವ ಜೀವ ಜಗತ್ತಿನಲ್ಲಿ ಅದೊಂದೇ ಇತ್ತು.

ಆ ಹೊತ್ತಿಗೆ ಒಡನಾಡಿ ಬಂದಿತ್ತು. ನೋಡಲು ದಪ್ಪ ಕಟ್ಟಿನ ಕನ್ನಡಕ, ಅಷ್ಟೇ. ಕಟ್ಟಿನಲ್ಲಿ ಸಾಸಿವೆಕಾಳಿನಷ್ಟು ಕ್ಯಾಮೆರಾ, ಕಿವಿಯ ಹಿಂದೆ ಚರ್ಮಕ್ಕೆ ಅಂಟುವ ಒಂದು ಬಿಲ್ಲೆ, ಸೊಂಟಕ್ಕೆ ಸಿಕ್ಕಿಸುವ ಒಂದು ಸಣ್ಣ ಡಬ್ಬಿ. ಎದುರಿಗೆ ಯಾರಾದರೂ ಬಂದರೆ ಡಬ್ಬಿ ಆ ಮುಖದ ಚಿತ್ರವನ್ನು ಕಂಪನಿಯ ದೊಡ್ಡ ಯಂತ್ರಕ್ಕೆ ಕಳಿಸಿ ಇವರು ಯಾರು ಎಂದು ಕೇಳುತ್ತದೆ. ಯಂತ್ರ ಆ ರೋಗಿಯ ನೆನಪಿನ ಕಣಜದಲ್ಲಿ ಹುಡುಕಿ ಉತ್ತರ ಕೊಡುತ್ತದೆ, ಬಿಲ್ಲೆ ಅದನ್ನು ಮಿದುಳಿಗೆ ಮುಟ್ಟಿಸುತ್ತದೆ. ಕಿವಿಯಲ್ಲಿ ಯಾರೂ ಪಿಸುಗುಡುವುದಿಲ್ಲ. ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಆ ಮುಖದೊಂದಿಗೆ ಆಡಿದ ಮಾತು, ಪಟ್ಟ ಸಿಟ್ಟು, ಇಟ್ಟ ಪ್ರೀತಿ ಎಲ್ಲ ಅದರ ಹಿಂದೆಯೇ ಬರುತ್ತದೆ. ಕಣಜ ತುಂಬುವುದು ರೋಗದ ಮೊದಲ ವರ್ಷದಲ್ಲಿ, ರೋಗಿಗೆ ಇನ್ನೂ ನೆನಪಿರುವಾಗ. ಬ್ಯಾಂಕುಗಳಿಗೆ ಪ್ರೋಗ್ರಾಂ ಬರೆದುಕೊಂಡು ಹಾಯಾಗಿದ್ದ ನೀಲಾ ಆ ಕೆಲಸ ಬಿಟ್ಟು, ಒಡನಾಡಿ ಮಾಡುವ ಸ್ಮೃತಿಬಂಧ ಕಂಪನಿಯ ಗೋಕುಲ ರಸ್ತೆಯ ಕಚೇರಿಗೆ ಸೇರಿದಳು. ತಾಯಿಯ ನೆನಪಿಗೆ ಕಾವಲು ಕೂತ ಹಾಗಾಗುತ್ತದೆ ಎಂದು ಅವಳ ಲೆಕ್ಕ.

ಆ ದೊಡ್ಡ ಯಂತ್ರದ ಗುಣವನ್ನು ಇಲ್ಲಿ ಹೇಳಲೇಬೇಕು. ಲಕ್ಷ ಜನರ ನೆನಪನ್ನು ಹೊಟ್ಟೆಯಲ್ಲಿಟ್ಟುಕೊಂಡ ಅದು ಶುದ್ಧ ಮರೆಗುಳಿ. ಒಂದು ಕ್ಷಣದ ಹಿಂದೆ ಕೇಳಿದವರೇ ಮತ್ತೆ ಕೇಳಿದರೂ ಅದಕ್ಕೆ ಹೊಸಬರು. ಅದಕ್ಕೆಂದೇ ಡಬ್ಬಿ ಪ್ರತಿ ಪ್ರಶ್ನೆಯ ಜೊತೆಗೂ ಒಂದು ಗುರುತು ಕಳಿಸಬೇಕು. ಪ್ರೋಗ್ರಾಂ ಬರೆಯುವವರು ಅದನ್ನು ಕುಕಿ ಎನ್ನುತ್ತಾರೆ. ತಿನ್ನುವ ಬಿಸ್ಕತ್ತಿಗೂ ಅದಕ್ಕೂ ನಂಟು ಹುಡುಕಲು ಹೋಗಬೇಡಿ. ಹುಬ್ಬಳ್ಳಿಯ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅದು ಚೀಟಿ. ಅಂಕೆ, ಅಕ್ಷರ ಕಲಸಿದ ಒಂದು ಉದ್ದನೆಯ ಸಾಲು. ಅದನ್ನು ನೋಡಿಯೇ ಯಂತ್ರ ಕಾಶವ್ವನ ಕಣಜ ತೆರೆಯಬೇಕೆಂದು ತಿಳಿಯುತ್ತದೆ. ಉತ್ತರದ ಜೊತೆ ಹೊಸ ಚೀಟಿಯನ್ನೂ ಕೊಡುತ್ತದೆ. ಡಬ್ಬಿ ಹಳೆಯದನ್ನು ಎಸೆದು ಹೊಸದನ್ನು ಇಟ್ಟುಕೊಳ್ಳುತ್ತದೆ. ಚೀಟಿ ತಂದವರು ಯಾರು, ಅವರಿಗೆ ಅದು ಎಲ್ಲಿ ಸಿಕ್ಕಿತು ಎಂದು ಯಂತ್ರ ವಿಚಾರಿಸುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ.

ಮೊದಲ ಚೀಟಿ ಸಿಗುವುದಕ್ಕೆ ಮಾತ್ರ ಒಂದು ಕಟ್ಟಳೆ ಇತ್ತು. ಮಕ್ಕಳು, ಸೊಸೆಯಂದಿರು ಹಿರಿಯರ ನೆನಪನ್ನು ಕದ್ದು ನೋಡಬಾರದೆಂದು ಕಾನೂನು ಬಂದಿತ್ತು. ರೋಗಿ ಬುದ್ಧಿ ನೆಟ್ಟಗಿರುವಾಗಲೇ ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತು, ತನ್ನ ಧ್ವನಿಯಲ್ಲಿ ಒಂದು ಗುಟ್ಟಿನ ಮಾತು ಹೇಳಬೇಕು. ಅದು ಕಂಪನಿಗೂ ಗೊತ್ತಿರುವುದಿಲ್ಲ. ಚೀಟಿ ದಿನವೂ ತಾನೇ ಹೊಸದಾಗುತ್ತ ಹೋಗುವುದರಿಂದ ಆ ಮಾತನ್ನು ಮತ್ತೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಕಂಪನಿಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಕೋಣೆಯಿಂದ ಹೊರಬಂದ ತಾಯಿಯನ್ನು ನೀಲಾ ಏನು ಹೇಳಿದೆ ಎಂದು ಕೇಳಿದಳು. ಕಾಶವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕಳು. ‘ಗುಟ್ಟು ಅಂದ ಮ್ಯಾಲ ಹೇಳಾಕ ಬರತೈತೇನು?’

ಮೂರು ವರ್ಷ ಒಡನಾಡಿ ಕಾಶವ್ವನನ್ನು ಕಾಶವ್ವನಾಗಿ ಉಳಿಸಿತು. ಕನ್ನಡಕ ತೆಗೆದರೆ ಮನೆ ನೋಡಿಕೊಳ್ಳುವ ರತ್ನವ್ವನೂ ಯಾರೋ, ಮಗಳೂ ಯಾರೋ. ಹಾಕಿಕೊಂಡರೆ ಕೆಲಸದಿಂದ ಬಂದ ಮಗಳಿಗೆ ಮೊದಲಿನ ಹಾಗೇ ಬೈಗುಳ: ತಲೆಗೆ ಎಣ್ಣೆ ಹಚ್ಚಿಕೊಂಡಿಲ್ಲ, ಊಟದ ಡಬ್ಬಿಯ ಚಪಾತಿ ಹಾಗೇ ತಂದಿದ್ದೀ. ನೀಲಾ ಆ ಬೈಗುಳವನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಅನಾಹುತಕ್ಕೆ ಬೀಜ ಬಿದ್ದದ್ದು ಒಂದು ಸೋಮವಾರ. ಯಂತ್ರವನ್ನು ಹೊಸ ವಿಳಾಸಕ್ಕೆ ಬದಲಿಸುವುದಿತ್ತು. ಡಬ್ಬಿಯೊಳಗಿನ ಪ್ರೋಗ್ರಾಮಿನ ಸ್ವಭಾವ ಹೇಗೆಂದರೆ, ಪರಿಚಯದ ವಿಳಾಸಕ್ಕಾದರೆ ಚೀಟಿಯನ್ನು ತಾನಾಗಿ ಒಯ್ಯುತ್ತದೆ. ಹೊಸ ವಿಳಾಸಕ್ಕೆ ಬರಿಗೈಯಲ್ಲಿ ಹೋಗಿ ನಿಲ್ಲುತ್ತದೆ. ಚೀಟಿಯನ್ನೂ ಒಯ್ಯಿ ಎಂದು ಅದಕ್ಕೆ ಬಾಯಿಬಿಟ್ಟು ಬರೆದು ಹೇಳಬೇಕು. ಆ ಕೆಲಸ ನೀಲಾಳ ಪಾಲಿಗೆ ಬಂದಿತ್ತು. ಎರಡು ತಾಸು ಒದ್ದಾಡಿದರೂ ಯಂತ್ರ ನೀನು ಯಾರು ಎಂದೇ ಕೇಳುತ್ತಿತ್ತು. ತಪ್ಪು ಚೀಟಿಯದೋ ವಿಳಾಸದ್ದೋ ತಿಳಿಯಲು, ಅವಳು ಒಂದು ಚೀಟಿಯನ್ನು ಕೈಯಾರೆ ನಕಲು ಮಾಡಿ, ಪ್ರೋಗ್ರಾಮಿನ ಜೊತೆಗೇ ಹೋಗುವ ಪರೀಕ್ಷೆಯ ಕಡತದೊಳಗೆ ಒಂದು ಸಾಲಾಗಿ ಅಂಟಿಸಿದಳು. ಪ್ರೋಗ್ರಾಂ ಬರೆಯುವವರೆಲ್ಲ ಮಾಡುವುದು ಇದನ್ನೇ, ಮಾಡಿ ಅಳಿಸುವುದೂ ಇದನ್ನೇ.

ಬದುಕಿರುವವರ ಚೀಟಿ ಮುಟ್ಟುವಂತಿಲ್ಲ, ಮುಟ್ಟಿದರೆ ಅವರ ನೆನಪು ಕದಡುತ್ತದೆ. ಆದ್ದರಿಂದ ಸತ್ತವರ ಡಬ್ಬಿ ವಾಪಸು ಬಂದಾಗ ಅದರಲ್ಲಿ ಉಳಿದಿರುವ ಚೀಟಿಯಿಂದ ಪರೀಕ್ಷೆ ಮಾಡುವುದು ಆ ಕಚೇರಿಯ ರೂಢಿ. ಯಾರ ಚೀಟಿ ತೆಗೆದುಕೊಂಡರೋ ಅವರ ಹೆಸರನ್ನು ಹಳದಿ ಪಟ್ಟಿಯ ಮೇಲೆ ಬರೆದು ಕಂಪ್ಯೂಟರಿನ ಹಣೆಗೆ ಅಂಟಿಸಬೇಕು. ಚೀಟಿ ಅಳಿಸಿದ ಮೇಲೆ ಪಟ್ಟಿ ಕೀಳಬೇಕು. ಪಟ್ಟಿ ಇದ್ದರೆ ಚೀಟಿ ಒಳಗಿದೆ, ಇಲ್ಲದಿದ್ದರೆ ಇಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಎಲ್ಲರೂ ನಂಬಿದ್ದ ನಿಯಮ. ಅಂದು ನೀಲಾಳ ಕಂಪ್ಯೂಟರಿನ ಮೇಲಿದ್ದ ಹೆಸರು ದುಂಡಪ್ಪ ಹಾದಿಮನಿ. ಗದಗಿನ ಬಸ್ ಚಾಲಕ, ತೀರಿ ಎಂಟು ತಿಂಗಳಾಗಿತ್ತು.

ಪರೀಕ್ಷೆ ಗೆದ್ದಿತು. ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥೆ ಮಂಜರಿ ದೇಸಾಯಿ ಅವಸರದಿಂದ ಬಂದು, ಹೊರಗಿನಿಂದ ಅತಿಥಿಗಳು ಬರುತ್ತಿದ್ದಾರೆ, ಸತ್ತವರ ಹೆಸರನ್ನು ಹೀಗೆ ಎದುರಿಗೆ ಅಂಟಿಸಿಕೊಂಡರೆ ಚೆನ್ನಾಗಿ ಕಾಣುವುದಿಲ್ಲ, ತೆಗೆಯಿರಿ ಎಂದಳು. ನೀಲಾ ಪಟ್ಟಿ ಕಿತ್ತು ಡ್ರಾಯರಿಗೆ ಹಾಕಿದಳು. ಅತಿಥಿಗಳಿಗೆ ಒಡನಾಡಿ ತೋರಿಸಿ, ಚಹಾ ಕುಡಿಸಿ, ನಗುನಗುತ್ತ ಕಳಿಸಿ ಬರುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ಕಂಪ್ಯೂಟರಿನ ಹಣೆ ಬೋಳಾಗಿತ್ತು. ಅಂದರೆ ಚೀಟಿ ಅಳಿಸಿಯಾಗಿದೆ. ಅವಳು ಕೆಲಸವನ್ನು ತಪಾಸಣೆಗೆ ಸಹೋದ್ಯೋಗಿ ಇರ್ಫಾನ್ ಮುಲ್ಲಾನಿಗೆ ಕಳಿಸಿದಳು. ಅವನು ಮುಖ್ಯ ಕಡತಗಳನ್ನೆಲ್ಲ ಓದಿದ. ಪರೀಕ್ಷೆಯ ಕಡತಕ್ಕೆ ಬಂದಾಗ ಮೇಜುಗಳ ನಡುವಿನ ಅಡ್ಡಗೋಡೆಯ ಮೇಲಿಂದ ಕತ್ತು ಚಾಚಿ ಅವಳ ಕಂಪ್ಯೂಟರ್ ನೋಡಿದ. ಪಟ್ಟಿ ಇರಲಿಲ್ಲ. ಸರಿ ಎಂದು ಒಪ್ಪಿಗೆ ಒತ್ತಿದ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಪ್ರೋಗ್ರಾಂ ಮೊದಲ ಕಂತಿನಲ್ಲಿ ಹುಬ್ಬಳ್ಳಿಯ ಇನ್ನೂರ ಹನ್ನೆರಡು ಡಬ್ಬಿಗಳಿಗೆ ಇಳಿಯಿತು. ಕಾಶವ್ವನ ಡಬ್ಬಿಯೂ ಅದರಲ್ಲಿತ್ತು. ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮೇಲೆ ಎಲ್ಲ ಹಸಿರು. ಕೇಳಿದ ಪ್ರಶ್ನೆಗಳಿಗೆಲ್ಲ ಯಂತ್ರ ತಪ್ಪದೆ ಉತ್ತರ ಕೊಡುತ್ತಿತ್ತು. ಇರ್ಫಾನ್ ಮಿರ್ಚಿ ಭಜಿ ತರಿಸುವ ಮಾತಾಡಿದ.

ಹತ್ತೂ ಹತ್ತಕ್ಕೆ ಮೊದಲ ಫೋನು ಬಂತು. ವಿದ್ಯಾನಗರದ ಒಬ್ಬ ಮಗ, ತನ್ನ ತಾಯಿ ತನ್ನನ್ನು ಯಾವ ಡಿಪೋದವನು ಎಂದು ಕೇಳುತ್ತಿದ್ದಾಳೆ ಎಂದ. ಕೋಣೆಯಲ್ಲಿ ಒಂದಿಬ್ಬರು ನಕ್ಕರು. ಎರಡನೆಯದು ಕೇಶ್ವಾಪುರದಿಂದ: ಮುದುಕರು ಮೊಮ್ಮಗಳನ್ನು ಹತ್ತಿರ ಬಿಡುತ್ತಿಲ್ಲ. ಆಮೇಲೆ ಎಲ್ಲ ಫೋನುಗಳೂ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಪರದೆ ಹಸಿರಾಗಿಯೇ ಇತ್ತು. ಎಪ್ಪತ್ತರ ಒಬ್ಬ ಅಜ್ಜಿ ‘ನನ್ನ ಹೇಂತಿ ಗಿರಿಜಾ ಎಲ್ಲಿ ಹೋದ್ಲು?’ ಎಂದು ಮನೆಯೆಲ್ಲ ಹುಡುಕುತ್ತಿದ್ದಾಳೆ ಎಂದು ಒಬ್ಬಳು ಅಳುತ್ತ ಹೇಳಿದಳು. ಗಿರಿಜಾ ಎಂಬ ಹೆಸರು ಕೇಳಿದ್ದೇ ನೀಲಾಳ ಕೈ ಡ್ರಾಯರಿಗೆ ಹೋಯಿತು. ಹಳದಿ ಪಟ್ಟಿ ಅಲ್ಲೇ ಇತ್ತು. ನಿನ್ನೆ ಪರೀಕ್ಷೆ ಮಾಡುವಾಗ ದುಂಡಪ್ಪನ ಕಣಜದಲ್ಲಿ ಅವಳು ಮೊದಲು ನೋಡಿದ ಮುಖ ಅವನ ಹೆಂಡತಿ ಗಿರಿಜವ್ವನದು.

ಅಳಿಸದೆ ಉಳಿದ ಆ ಒಂದು ಸಾಲಿನಿಂದಾಗಿ ಇನ್ನೂರ ಹನ್ನೆರಡು ಡಬ್ಬಿಗಳೂ ತಮ್ಮ ಚೀಟಿ ಬಿಟ್ಟು ಸತ್ತ ಒಬ್ಬನ ಚೀಟಿ ಹಿಡಿದು ಯಂತ್ರದ ಮುಂದೆ ನಿಂತಿದ್ದವು. ಯಂತ್ರ ಅವನ ಕಣಜ ತೆರೆದು ತೆರೆದು ಕೊಡುತ್ತಿತ್ತು. ನೀಲಾ ಎದ್ದು ನಿಂತು, ತಪ್ಪು ನನ್ನದು, ಹಳೆಯ ಪ್ರೋಗ್ರಾಂ ವಾಪಸ್ ಹಾಕಿ ಎಂದಳು. ಹತ್ತೂ ನಲವತ್ತೇಳಕ್ಕೆ ಹಳೆಯದು ಬಂತು. ಬಂದರೇನು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಯಂತ್ರ ಮೊದಲ ಉತ್ತರದೊಂದಿಗೇ ದುಂಡಪ್ಪನ ಹೆಸರಿನ ಹೊಸ ಚೀಟಿ ಕೊಟ್ಟಿತ್ತು. ಡಬ್ಬಿಗಳು ಕಲಿಸಿದ ಹಾಗೆ ಹಳೆಯದನ್ನು ಎಸೆದು ಅದನ್ನು ಇಟ್ಟುಕೊಂಡಿದ್ದವು. ಎಸೆದದ್ದು ಅವರವರ ಸ್ವಂತ ಚೀಟಿ. ಅದರ ನಕಲು ಎಲ್ಲಿಯೂ ಇಡಬಾರದೆಂದು ಕಾನೂನೇ ಹೇಳಿತ್ತು.

ಸಂಜೆಯೊಳಗೆ ಎಲ್ಲ ಡಬ್ಬಿಗಳಿಂದ ದುಂಡಪ್ಪನ ಚೀಟಿ ಅಳಿಸಿದರು. ಈಗ ಪ್ರತಿ ಡಬ್ಬಿಯೂ ಒಂದೇ ಮಾತು ಹೇಳುತ್ತಿತ್ತು: ನಿಮ್ಮ ಗುಟ್ಟಿನ ಮಾತು ಹೇಳಿ. ಐದು ಅವಕಾಶ. ಐದೂ ತಪ್ಪಿದರೆ ಕಣಜಕ್ಕೆ ಶಾಶ್ವತ ಬೀಗ. ನೆನಪು ಹೋದವರು ತಾವೇ ನೆನಪಿಟ್ಟುಕೊಂಡ ಮಾತು ಹೇಳಿ ನೆನಪು ಬಿಡಿಸಿಕೊಳ್ಳಬೇಕಿತ್ತು. ಆ ಕಾನೂನು ಮಾಡಿದವರಿಗೆ ಇದು ಹೊಳೆದಿರಲಿಲ್ಲವೋ, ಹೊಳೆದೂ ಹೀಗಾಗುವುದಿಲ್ಲ ಎಂದುಕೊಂಡರೋ, ದೇವರೇ ಬಲ್ಲ.

ನೀಲಾ ಮನೆಗೆ ಬಂದಾಗ ಕಾಶವ್ವ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಬೆಳಗಿನಿಂದ ನೀರೂ ಮುಟ್ಟಿಲ್ಲ ಎಂದು ರತ್ನವ್ವ ಹೇಳಿದಳು. ಮಗಳು ಹತ್ತಿರ ಹೋದರೆ ಮುದುಕಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಪರಪುರುಷನೋ ಕಳ್ಳನೋ ಬಂದರೆ ಹೆಂಗಸು ಹಿಡಿದುಕೊಳ್ಳುವ ಹಾಗೆ. ನಲವತ್ತಾರು ವರ್ಷದ ನೀಲಾ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಯಾರೋ ಅಳುತ್ತಿದ್ದಾಳೆಂದು ಕಾಶವ್ವನಿಗೆ ಇನ್ನಷ್ಟು ಭಯವಾಯಿತು.

ಬುಧವಾರ ಶುರುವಾಯಿತು ಗುಟ್ಟಿನ ಹುಡುಕಾಟ. ಧ್ವನಿ ಕಾಶವ್ವನದೇ ಇರಬೇಕು, ಆದರೆ ಮಾತನ್ನು ಮಗಳು ಹೇಳಿಕೊಡಬಹುದಿತ್ತು. ಮೊದಲು ಖಾನಾವಳಿಯ ಹೆಸರು ಹೇಳಿಸಿದಳು. ತಾಳೆಯಾಗಲಿಲ್ಲ ಎಂದಿತು ಡಬ್ಬಿ. ಆಮೇಲೆ ಓಂ ನಮಃ ಶಿವಾಯ. ಅದನ್ನು ಕಾಶವ್ವ ಹೇಳಿಕೊಡುವ ಮೊದಲೇ ಹೇಳಿದಳು, ಅದೂ ಅಲ್ಲ. ಮೂರನೆಯದಕ್ಕೆ ತನ್ನದೇ ಹೆಸರು. ‘ನೀಲಗಂಗಾ’ ಎಂದು ತಾಯಿಯ ಬಾಯಿಂದ ಹೇಳಿಸಿದಳು. ಕಾಶವ್ವ ಯಾವುದೋ ಊರಿನ ಹೆಸರು ಹೇಳುವ ಹಾಗೆ ಅದನ್ನು ಹೇಳಿದಳು. ಡಬ್ಬಿ ಅದಕ್ಕೂ ಒಪ್ಪಲಿಲ್ಲ. ತಾಯಿಯ ಗುಟ್ಟು ನಾನಾಗಿರಲಿಲ್ಲ ಎಂಬುದು ನೀಲಾಳನ್ನು ಅಂದು ಊಟ ಮಾಡಲು ಬಿಡಲಿಲ್ಲ.

ನಾಲ್ಕನೆಯದು ತಂದೆಯ ಹೆಸರು, ವೀರಭದ್ರಪ್ಪ. ಕಾಶವ್ವ ಅದನ್ನು ಎಷ್ಟು ಹೇಳಿಕೊಟ್ಟರೂ ಅನ್ನಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಂಡನ ಮುಖ ಹೋಗಿತ್ತು, ಗಂಡನ ಹೆಸರು ಹೇಳಬಾರದೆಂಬುದು ಹೋಗಿರಲಿಲ್ಲ. ಗುರುವಾರ ಬೆಳಿಗ್ಗೆ ಹೇಗೋ ಪುಸಲಾಯಿಸಿ, ಬೆಲ್ಲ ಕೊಟ್ಟು, ಮೆಲ್ಲಗೆ ಅನ್ನಿಸಿದರು. ಡಬ್ಬಿ ಒಪ್ಪಲಿಲ್ಲ. ಉಳಿದದ್ದು ಒಂದೇ. ಇರ್ಫಾನ್ ಫೋನು ಮಾಡಿ, ಊರಿನಲ್ಲಿ ಈವರೆಗೆ ಹತ್ತೊಂಬತ್ತು ಮನೆಯವರ ಬೀಗ ಮಾತ್ರ ತೆರೆದಿದೆ ಎಂದ. ‘ನಿನ್ನ ಕಂಪ್ಯೂಟರ್ ಮ್ಯಾಲ ಪಟ್ಟಿ ಇರಲಿಲ್ಲ, ಅಕ್ಕಾ’ ಎಂದು ಮತ್ತೊಮ್ಮೆ ಹೇಳಿದ. ಅವಳು ಅವನನ್ನು ಬೈಯಲಿಲ್ಲ.

ಅಂದು ಮಧ್ಯಾಹ್ನ ಕಚೇರಿಗೆ ಒಬ್ಬ ಹೆಂಗಸು ಬಂದಳು. ವಿಚಾರಣೆ ಮುಗಿಯುವ ತನಕ ನೀಲಾಳನ್ನು ಕೆಲಸದಿಂದ ದೂರ ಇಡುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಒಂದು ಕೆಲಸ ಮಾತ್ರ ಅವಳೇ ಮಾಡಬೇಕಿತ್ತು. ಪರೀಕ್ಷೆಯ ಕಣಜದ ಕೀಲಿ ಇದ್ದದ್ದು ಅವಳ ಹತ್ತಿರ, ಆದ್ದರಿಂದ ಶುಕ್ರವಾರದೊಳಗೆ ದುಂಡಪ್ಪನ ಕಣಜವನ್ನು ಅವಳೇ ಪೂರಾ ಅಳಿಸಿಹಾಕಬೇಕೆಂದು ದೇಸಾಯಿ ಹೇಳಿದ್ದಳು. ಬಂದ ಹೆಂಗಸಿಗೆ ಅರವತ್ತು ದಾಟಿತ್ತು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ತಾನು ದುಂಡಪ್ಪ ಹಾದಿಮನಿಯ ಹೆಂಡತಿ ಗಿರಿಜವ್ವ ಎಂದಳು.

ದಾವೆ ಹೂಡಲು ಬಂದಿದ್ದಾಳೆಂದು ನೀಲಾ ಮೈ ಗಟ್ಟಿ ಮಾಡಿಕೊಂಡಳು. ಗಿರಿಜವ್ವ ಹೇಳಿದ್ದು ಬೇರೆ. ಮಂಗಳವಾರ ಅವಳು ಹುಬ್ಬಳ್ಳಿಯ ತಂಗಿಯ ಮನೆಗೆ ಬಂದವಳು ದುರ್ಗದಬೈಲಿನಲ್ಲಿ ಸೊಪ್ಪು ಕೊಳ್ಳುತ್ತಿದ್ದಳಂತೆ. ದಪ್ಪ ಕನ್ನಡಕದ ಒಬ್ಬ ಮುದುಕರು, ಎಂದೂ ಕಂಡವರಲ್ಲ, ಬಂದು ಅವಳ ಕೈ ಹಿಡಿದು, ‘ಗಿರಿಜಾ, ಎಷ್ಟ ಸೊರಗೀಯಲ್ಲ, ಗುಳಿಗಿ ತಗೊಳ್ಳಾಕ ಮರತೀಯೇನು?’ ಎಂದರಂತೆ. ಅವರ ಸೊಸೆ ನಾಚಿಕೊಂಡು ಎಳೆದುಕೊಂಡು ಹೋದಳಂತೆ. ಗುಳಿಗೆಯ ಮಾತು ಅವಳಿಗೆ ಗಂಡ ದಿನವೂ ಹೇಳುತ್ತಿದ್ದದ್ದು.

‘ನಾ ಜಗಳಾಡಾಕ ಬಂದಿಲ್ರಿ’ ಎಂದಳು ಗಿರಿಜವ್ವ. ‘ಇನ್ನೊಮ್ಮೆ ಹಂಗ ಮಾಡಾಕ ಬರತೈತೇನು ಅಂತ ಕೇಳಾಕ ಬಂದೀನಿ.’

ಆಗುವುದಿಲ್ಲ, ನಾಳೆ ಸಂಜೆ ಎಲ್ಲವನ್ನೂ ಅಳಿಸಬೇಕೆಂದು ಆದೇಶವಾಗಿದೆ ಎಂದು ವಿವರಿಸಿದಳು. ಗಿರಿಜವ್ವ ತಲೆದೂಗಿ, ಹಾಗಾದರೆ ಅಳಿಸುವ ಹೊತ್ತಿಗೆ ಒಂದು ಫೋನು ಮಾಡಿ, ದೀಪ ಹಚ್ಚುತ್ತೇನೆ ಎಂದು ನಂಬರು ಬರೆದುಕೊಟ್ಟಳು. ಹೊರಡುವಾಗ ನಿಂತು ಕೇಳಿದಳು. ‘ಅದರಾಗ ನನ್ನ ಮುಖ ಇನ್ನೂ ಐತಲ್ರಿ?’ ಇದೆ ಎಂದಳು ನೀಲಾ. ಆಗ ಅದು ನಿಜವೇ ಆಗಿತ್ತು.

ಐದನೆಯದನ್ನು ಶುಕ್ರವಾರ ಬೆಳಿಗ್ಗೆ ಹೇಳಿಸಿದಳು. ನೀಲಾ ಹುಟ್ಟುವ ಮೊದಲು ಕಾಶವ್ವನಿಗೆ ಒಂದು ಗಂಡುಮಗುವಾಗಿ ಎರಡು ವರ್ಷಕ್ಕೆ ತೀರಿಕೊಂಡಿತ್ತು. ಮುತ್ತು ಎಂದು ಕರೆಯುತ್ತಿದ್ದರಂತೆ. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಬಾಯಿಬಿಟ್ಟು ಹೇಳದೆ ಇಟ್ಟುಕೊಂಡದ್ದೇ ಗುಟ್ಟಲ್ಲವೇ ಎಂದು ನೀಲಾ ಲೆಕ್ಕ ಹಾಕಿದ್ದಳು. ಕಾಶವ್ವ ‘ಮುತ್ತು’ ಎಂದಳು. ಡಬ್ಬಿ, ತಾಳೆಯಾಗಲಿಲ್ಲ, ಕಣಜವನ್ನು ಮುಚ್ಚಲಾಗಿದೆ ಎಂದು ಅದೇ ಧ್ವನಿಯಲ್ಲಿ ಹೇಳಿತು. ಮುದುಕಿ ಡಬ್ಬಿಯನ್ನೂ ಮಗಳನ್ನೂ ಒಂದೇ ಥರ ನೋಡಿದಳು.

ಮಧ್ಯಾಹ್ನ ನೀಲಾ ಕಚೇರಿಗೆ ಹೋಗಿ ದುಂಡಪ್ಪನ ಕಣಜವನ್ನು ತೆರೆದಳು. ಅಳಿಸುವ ಮೊದಲು ಅದರ ಒಂದು ನಕಲನ್ನೂ, ಪರೀಕ್ಷೆಗೆಂದು ಇಟ್ಟಿದ್ದ, ದೊಡ್ಡ ಯಂತ್ರದ ಕೆಲಸವನ್ನೇ ಮಾಡುವ ಸಣ್ಣ ಯಂತ್ರವನ್ನೂ ಚೀಲಕ್ಕೆ ಹಾಕಿಕೊಂಡಳು, ಆಮೇಲೆ ಕಚೇರಿಯದನ್ನು ಅಳಿಸಿದಳು. ಸಿಕ್ಕಿಬಿದ್ದರೆ ಜೈಲು, ಅದು ಅವಳಿಗೆ ಗೊತ್ತಿತ್ತು. ಮನೆಗೆ ತಂದು ಜೋಡಿಸಿ, ತಾಯಿಯ ಡಬ್ಬಿಗೆ ದುಂಡಪ್ಪನ ಚೀಟಿಯನ್ನು ಕೈಯಾರೆ ಬರೆದಳು. ಈ ಸಲ ಮರೆತು ಬಿಟ್ಟದ್ದಲ್ಲ. ಕಣಜದಲ್ಲಿ ಗಿರಿಜವ್ವನ ಹೆಸರಿನ ಮುಂದೆ ಅವಳ ಮುಖವಿತ್ತು, ಕೆನ್ನೆಯ ಮೇಲೆ ಸಣ್ಣ ಮಚ್ಚೆ, ಕ್ಯಾಮೆರಾ ನೋಡಿ ನಾಚಿದ ನಗು. ಒಂದು ಹೆಸರಿಗೆ ಒಂದೇ ಮುಖ ಎಂಬುದು ಯಂತ್ರದ ಲೆಕ್ಕ. ಹೊಸದು ಹಾಕಿದರೆ ಹಳೆಯದು ಹೋಗುತ್ತದೆ, ತಿರುಗಿ ಬರುವುದಿಲ್ಲ. ನೀಲಾ ಬಹಳ ಹೊತ್ತು ಆ ಮುಖ ನೋಡಿದಳು. ಆಮೇಲೆ ತನ್ನ ಫೋಟೋ ಹಾಕಿದಳು.

ಐದು ಗಂಟೆಗೆ ಗಿರಿಜವ್ವನಿಗೆ ಫೋನು ಮಾಡಿ, ಆಯಿತು ಎಂದಳು. ಆ ಕಡೆ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು. ‘ಕಡೀತನಾ ನನ್ನ ಮುಖ ಇತ್ತಲ್ರಿ?’ ಎಂದು ಗಿರಿಜವ್ವ ಕೇಳಿದಳು.

‘ಇತ್ರಿ’ ಎಂದಳು ನೀಲಾ.

ಕಾಶವ್ವ ಹಜಾರದಲ್ಲಿ ಮಂಚದ ಮೇಲೆ ಕೂತಿದ್ದಳು. ರತ್ನವ್ವ ಹಿಂದಿನಿಂದ ಹೋಗಿ ಮೆಲ್ಲಗೆ ಕನ್ನಡಕ ಹಾಕಿದಳು. ನೀಲಾ ಎದುರಿಗೆ ಬಂದು ನಿಂತಳು. ಮುದುಕಿ ತಲೆ ಎತ್ತಿದಳು. ನಾಲ್ಕು ದಿನದಿಂದ ಸೆರಗನ್ನು ಬಿಗಿಹಿಡಿದಿದ್ದ ಕೈ ಸಡಿಲವಾಯಿತು, ಮುಖ ಅರಳಿತು. ಬಾ ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಮಗಳ ಕಣ್ಣಲ್ಲಿ ನೀರು ಕಂಡು, ತನ್ನ ಒರಟು ಅಂಗೈಯಿಂದ ಒರೆಸಿದಳು.

‘ಮತ್ತ ಅಳಾಕತ್ತೀಯೇನು, ಗಿರಿಜಾ? ಮಕ್ಕಳಾಗಲಿಲ್ಲ ಅಂತ ಇನ್ನೂ ಎಷ್ಟ ವರ್ಷ ಅಳತೀ? ನಿನಗ ನಾ ಅದೀನಿ, ನನಗ ನೀ ಅದೀ. ನಮಗ್ಯಾಕ ಬೇಕು ಮಕ್ಕಳು?’

ನೀಲಾ ತಾಯಿಯ ಹೆಗಲಿಗೆ ತಲೆ ಒರಗಿಸಿ, ಹೌದ್ರಿ ಎಂದಳು.